ರಾತ್ರಿ ಬಾಗಿಲಲ್ಲಿ ಸದ್ದಾದರೆ: ಗಂಡ-ಹೆಂಡತಿ ಮೊದಲೇ ಆಡಿಕೊಳ್ಳಬೇಕಾದ ಮಾತು

ಕೊಯ್ಲಿನ ಕಾಲ ಬಂತೆಂದರೆ ಸಂಘದ ಕಛೇರಿಯ ಜಗಲಿಯಲ್ಲಿ ಮಾತು ಮೂರೇ: ದರ, ಆಳು, ಅಕಾಲದ ಮಳೆ. ಈಚೆಗೆ ನಾಲ್ಕನೆಯದೊಂದು ಸೇರಿಕೊಂಡಿದೆ, ಕಳ್ಳರ ಭಯ. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. 2025ರ ಆರಂಭದಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ 50 ಕಿಲೋ ಮೂಟೆಗೆ 25,000 ರೂಪಾಯಿ ದಾಟಿದ್ದನ್ನು ಕಂಡೆವು. ರಾಶಿ ಅಡಿಕೆ ಕ್ವಿಂಟಾಲಿಗೆ 50,000 ದಾಟಿದ್ದನ್ನು 2022ರಲ್ಲೇ ಕಂಡಿದ್ದೆವು. ಅಂಥ ದರದಲ್ಲಿ ಕಣದ ಮೂಲೆಯಲ್ಲಿ ಟಾರ್ಪಾಲು ಹೊದಿಸಿಟ್ಟ ಹತ್ತು ಮೂಟೆ ಎಂದರೆ ಎರಡೂವರೆ ಲಕ್ಷ ರೂಪಾಯಿ ಅಂಗಳದಲ್ಲಿ ಮಲಗಿದಂತೆ. ಈ ಲೆಕ್ಕ ನಮಗೆ ತಿಳಿದಿರುವಷ್ಟೇ ಚೆನ್ನಾಗಿ ಇತರರಿಗೂ ತಿಳಿದಿದೆ.

ಫಸಲು ಹೋದರೆ ಹೋಯಿತು, ಮುಂದಿನ ವರ್ಷ ಗಿಡ ಮತ್ತೆ ಹೂಬಿಡುತ್ತದೆ. ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಮೂಟೆಯ ವಿಚಾರವಲ್ಲ, ಮೂಟೆಯನ್ನು ಹುಡುಕಿಕೊಂಡೋ ಚಿನ್ನವನ್ನು ಹುಡುಕಿಕೊಂಡೋ ಮನೆಯೊಳಗೇ ಕಾಲಿಟ್ಟವನ ವಿಚಾರ. ನಮ್ಮ ಸದಸ್ಯರಲ್ಲಿ ಬಹುಮಂದಿ ಎರಡು ಎಕರೆ, ಐದು ಎಕರೆಯವರು. ತೋಟದ ನಡುವೆ ಒಂಟಿ ಮನೆ, ಪಕ್ಕದ ಮನೆಯೆಂದರೆ ಒಂದು ಹಳ್ಳ ದಾಟಿ ಒಂದು ಏರು ಹತ್ತಬೇಕು. ಮಕ್ಕಳು ಬೆಂಗಳೂರಿನಲ್ಲಿ, ಇಲ್ಲವೇ ಅದಕ್ಕೂ ಆಚೆ. ಮನೆಯಲ್ಲಿ ಉಳಿದಿರುವವರು ಐವತ್ತೈದು ದಾಟಿದ ಗಂಡ-ಹೆಂಡತಿ, ಕೆಲವು ಕಡೆ ಹಾಸಿಗೆ ಹಿಡಿದ ಹಿರಿಯರು.

ಹಿಂದೆ ಹೀಗಿರಲಿಲ್ಲ. ಅಡಿಕೆ ಸುಲಿತದ ದಿನಗಳಲ್ಲಿ ರಾತ್ರಿ ಹನ್ನೊಂದು ಹನ್ನೆರಡರವರೆಗೂ ಜಗಲಿ ತುಂಬ ಮೆಟ್ಟುಗತ್ತಿ ಹಾಕಿಕೊಂಡು ಕೂತವರು, ಒಬ್ಬರ ಕಥೆಗೆ ಇನ್ನೊಬ್ಬರ ನಗು, ಅಂಗಳದಲ್ಲಿ ಹಂಡೆಯ ಬೆಂಕಿ. ಕಳ್ಳನಾದವನು ನುಸುಳಲು ಹೊತ್ತೇ ಇರುತ್ತಿರಲಿಲ್ಲ. ಈಗ ಸುಲಿಯುವ ಯಂತ್ರ ಬಂದು ಆ ಕೆಲಸ ಹಗಲಿಗೇ ಮುಗಿಯುತ್ತದೆ. ಯಂತ್ರ ಬೇಡವೆಂದು ನಾವು ಹೇಳುತ್ತಿಲ್ಲ, ಅದಿಲ್ಲದಿದ್ದರೆ ಇಂದು ಅರ್ಧ ಅಡಿಕೆ ಹಣ್ಣಾಗಿ ಮರದಡಿಯಲ್ಲೇ ಉಳಿಯುತ್ತಿತ್ತು. ಆದರೆ ಸಂಜೆ ಆರಕ್ಕೆ ಆಳುಗಳು ಹೊರಟರೆ ಮರುದಿನ ಬೆಳಗಿನತನಕ ಆ ಮನೆಯಲ್ಲಿ ಇಬ್ಬರೇ ಎಂಬುದು ಊರಿಗೆಲ್ಲ ಗೊತ್ತಿರುವ ಸಂಗತಿಯಾಗಿಬಿಟ್ಟಿದೆ.

ಯಜಮಾನರ ತಲೆಯಲ್ಲಿರುವ ಯೋಜನೆ

‘ಕಳ್ಳ ಬಂದರೆ ಏನು ಮಾಡುತ್ತೀರಿ?’ ಎಂದು ನಮ್ಮ ಬೆಳೆಗಾರರನ್ನು ಕೇಳಿ ನೋಡಿ. ಪ್ರತಿಯೊಬ್ಬರ ಬಳಿಯೂ ಉತ್ತರವಿದೆ. ಒಬ್ಬರಿಗೆ ಕೋವಿ, ಒಬ್ಬರಿಗೆ ನಾಯಿ, ಮತ್ತೊಬ್ಬರಿಗೆ ‘ಬರಲಿ ನೋಡೋಣ’ ಎಂಬ ಧೈರ್ಯ. ಅದೇ ಪ್ರಶ್ನೆಯನ್ನು ಅವರ ಮನೆಯವರಿಗೆ ಕೇಳಿದರೆ, ‘ಅದೆಲ್ಲ ಅವರಿಗೇ ಗೊತ್ತು’ ಎನ್ನುತ್ತಾರೆ. ಯೋಜನೆಯೆಂಬುದು ಯಜಮಾನರ ತಲೆಯೊಳಗೆ ಮಾತ್ರ ಇದೆ ಎಂದಾಯಿತು. ಆ ಯಜಮಾನರೋ ವಾರದಲ್ಲಿ ಎರಡು ದಿನ ಪೇಟೆಯಲ್ಲಿ, ಒಂದು ದಿನ ಮಂಡಿಯಲ್ಲಿ, ಮದುವೆಯ ತಿಂಗಳಲ್ಲಿ ಇನ್ನೂ ಎಲ್ಲೆಲ್ಲೋ. ನಿಜವಾಗಿ ಬಾಗಿಲು ತೆರೆಯುವವರು ಮನೆಯಲ್ಲಿ ಉಳಿದ ಹೆಣ್ಣುಮಕ್ಕಳು. ಚಿನ್ನಕ್ಕೆ ಪಾಲಿಶ್ ಹಾಕಿಕೊಡುತ್ತೇವೆ ಎಂದು ಬರುವವರು, ಕುಡಿಯಲು ನೀರು ಕೇಳುವವರು, ‘ಯಜಮಾನರು ಕಳಿಸಿದ್ದಾರೆ’ ಎಂದು ಹೇಳಿಕೊಂಡು ಬರುವವರು, ಇವರು ಯಾರೂ ರಾತ್ರಿ ಬರುವುದಿಲ್ಲ. ಮಟಮಟ ಮಧ್ಯಾಹ್ನ ಬರುತ್ತಾರೆ.

ನಮ್ಮ ಮನೆಯಲ್ಲಿ ಈ ಮಾತು ಎದ್ದದ್ದು ಒಂದು ಸಂಜೆ ಬಟವಾಡೆ ಪುಸ್ತಕ ಮುಚ್ಚಿಟ್ಟ ಮೇಲೆ. ನಾವು ಹಿತ್ತಿಲ ಬಾಗಿಲಿಂದ ತೋಟಕ್ಕೆ ಇಳಿದುಬಿಡುವ ದಾರಿಯ ವಿಚಾರ ಎತ್ತಿದೆವು. ಕತ್ತಲಲ್ಲಿ ತೋಟದ ದಾರಿ ನಮಗೆ ಗೊತ್ತು, ಬಂದವನಿಗೆ ಗೊತ್ತಿಲ್ಲ, ಅದೊಂದು ಅನುಕೂಲ ತಾನೆ. ನಮ್ಮ ಮನೆಯಾಕೆ ತರಕಾರಿ ಹೆಚ್ಚುತ್ತಿದ್ದವರು ತಲೆಯೆತ್ತದೆ ಕೇಳಿದರು: ‘ಅತ್ತೆಯವರನ್ನು ನೀವು ಹೊತ್ಕೊಳ್ತೀರೋ, ನಾನು ಹೊತ್ಕೊಳ್ಬೇಕೋ?’

ನಮ್ಮ ತಾಯಿಗೆ ಎಂಬತ್ತಾರು. ಗೋಡೆ ಹಿಡಿದು ಬಚ್ಚಲಿಗೆ ಹೋಗಿಬರುತ್ತಾರೆ, ಅಷ್ಟೇ. ಅವರು ಮಲಗುವುದು ಹೊರಗಿನ ಕೋಣೆಯಲ್ಲಿ, ಬೆಳಗಿನ ಬಿಸಿಲು ಬೀಳುತ್ತದೆಂದು ಅವರೇ ಆರಿಸಿಕೊಂಡ ಜಾಗ. ಬಂದವನು ಮೊದಲು ಕಾಲಿಡುವುದು ಅದೇ ಕೋಣೆಗೆ. ‘ಹಾಗಾದರೆ ಓಡುವ ಮಾತು ಬೇಡ, ಒಳಗೇ ಸೇರಿಕೊಳ್ಳುವುದು’ ಎಂದೆವು. ‘ಯಾವ ಒಳಗೆ?’ ಎಂದರು. ಆ ಎರಡು ಪ್ರಶ್ನೆಗಳ ಮೇಲೆ ನಮ್ಮ ಇಡೀ ಯೋಜನೆ ನಿಂತಿದೆ ಎನ್ನಬೇಕು. ಅತ್ತೆಯವರ ಮಂಚ ಒಳಕೋಣೆಗೆ ಬಂತು. ಬೆಳಗಿನ ಬಿಸಿಲಿಗೆ ಜಗಲಿಯಲ್ಲಿ ಒಂದು ಕುರ್ಚಿ ಹಾಕಿಕೊಟ್ಟೆವು. ಅವರು ಎರಡು ದಿನ ಮುನಿಸಿಕೊಂಡಿದ್ದರು, ಆಮೇಲೆ ಸರಿಹೋಯಿತು.

ಹಳೆಯ ಮನೆಗಳವರು ಒಂದು ಸಂಗತಿ ಗಮನಿಸಬೇಕು. ನಮ್ಮ ಒಳಕೋಣೆ, ಉಗ್ರಾಣಗಳಿಗೆ ಚಿಲಕವಿರುವುದು ಬಹುತೇಕ ಹೊರಗಡೆ. ಅವು ಸಾಮಾನು ಕೂಡಿಡಲು ಕಟ್ಟಿದ ಕೋಣೆಗಳು, ಜನ ಕೂತುಕೊಳ್ಳಲು ಅಲ್ಲ. ಒಳಗೆ ಸೇರಿಕೊಂಡವರು ಬಾಗಿಲು ಭದ್ರಪಡಿಸಲಾರರು, ಹೊರಗಿನವನು ಬೇಕಾದರೆ ಚಿಲಕ ಹಾಕಿ ಅವರನ್ನೇ ಕೂಡಿಹಾಕಬಹುದು. ಒಳಗಡೆಗೆ ಒಂದು ದಪ್ಪ ಅಗುಳಿ ಕೂರಿಸುವುದು ಆಚಾರಿಗೆ ಅರ್ಧ ದಿನದ ಕೆಲಸ. ಹಲಸಿನ ಮರದ ಹಳೆಯ ಬಾಗಿಲು ಇದ್ದವರು ಪುಣ್ಯವಂತರು, ಅದನ್ನು ಒದ್ದು ಮುರಿಯುವುದು ಸುಲಭವಲ್ಲ. ಆ ಕೋಣೆಯಲ್ಲಿ ಒಂದು ಟಾರ್ಚು, ಚಾರ್ಜು ಮಾಡಿಟ್ಟ ಹಳೆಯ ಫೋನು, ಒಂದು ತಂಬಿಗೆ ನೀರು, ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ಸದಾ ಇರಲಿ. ಯಾರು ಹಿರಿಯರನ್ನು ಒಳಗೆ ಕರೆತರುವುದು, ಯಾರು ಫೋನು ಮಾಡುವುದು ಎಂಬುದು ಮೊದಲೇ ನಿಶ್ಚಯವಾಗಿರಬೇಕು. ಆ ಹೊತ್ತಿನಲ್ಲಿ ಇಬ್ಬರೂ ಫೋನು ಹುಡುಕಲು ಹೋಗುವುದು, ಇಲ್ಲವೇ ಇಬ್ಬರೂ ಅತ್ತೆಯವರ ಕೈ ಹಿಡಿದು ಎಳೆಯುವುದು ನಡೆದೇ ನಡೆಯುತ್ತದೆ.

ಮನೆಯ ಸುತ್ತ ಒಮ್ಮೆ ಕಳ್ಳನಂತೆ ನಡೆದು ನೋಡಿ

ಗಂಡ-ಹೆಂಡತಿ ಇಬ್ಬರೂ ಸೇರಿ ಒಂದು ಸಂಜೆ ಮನೆಗೆ ಸುತ್ತು ಬನ್ನಿ. ಎದುರು ಬಾಗಿಲಿಗೆ ನಾವು ಹಾಕುವಷ್ಟು ಬೀಗ ಹಿತ್ತಿಲ ಬಾಗಿಲಿಗೆ ಹಾಕುವುದಿಲ್ಲ. ಬಚ್ಚಲಿಗೆ ಸೌದೆ ತರುವ ಬಾಗಿಲಂತೂ ಎಷ್ಟೋ ಮನೆಗಳಲ್ಲಿ ಒಂದು ಕಡ್ಡಿ ಸಿಕ್ಕಿಸಿದರೆ ಮುಗಿಯಿತು. ಕೊಟ್ಟಿಗೆಯ ಗೋಡೆ ಹತ್ತಿದರೆ ಹೆಂಚಿನ ಮಾಡು ಕೈಗೆಟಕುತ್ತದೆ. ನಾಲ್ಕು ಹೆಂಚು ಸರಿಸಿದರೆ ಅಟ್ಟ, ಅಟ್ಟದಿಂದ ಏಣಿ, ಏಣಿಯ ಬುಡದಲ್ಲಿ ಅಡುಗೆಮನೆ. ಆದ್ದರಿಂದ ಅಟ್ಟದ ಬಾಯಿಗೆ ಹಲಗೆಯ ಮುಚ್ಚಳವೂ ಕೆಳಗಿನಿಂದ ಹಾಕುವ ಚಿಲಕವೂ ಇರಲಿ. ಅಡಿಕೆ ಕೊನೆ ಇಳಿಸುವ ದೋಟಿ, ಮರಕಸಿಯ ಏಣಿ, ಹಾರೆ, ಗುದ್ದಲಿ, ಕತ್ತಿ ಇವನ್ನೆಲ್ಲ ರಾತ್ರಿ ಹೊರಗೆ ಬಿಡುವುದು ನಮ್ಮಲ್ಲಿ ರೂಢಿ. ಬಂದವನು ಕೈಬೀಸಿಕೊಂಡು ಬಂದರೂ ಸಾಕು, ಅವನಿಗೆ ಬೇಕಾದ ಸಲಕರಣೆ ನಮ್ಮ ಕೊಟ್ಟಿಗೆಯಲ್ಲೇ ಸಿದ್ಧವಿರುತ್ತದೆ. ಕತ್ತಲಾಗುವ ಮೊದಲು ಅವು ಒಳಗೆ ಸೇರಿ ಬೀಗ ಬೀಳಲಿ.

ಹೊರಗಿನ ದೀಪಗಳ ಸ್ವಿಚ್ಚು ಮಲಗುವ ಕೋಣೆಯಲ್ಲಿರಬೇಕು. ಸದ್ದು ಕೇಳಿತೆಂದು ಜಗಲಿಗೆ ಬಂದು ದೀಪ ಹಾಕುವವನು ತನ್ನನ್ನೇ ಬೆಳಕಿಗೆ ಒಡ್ಡಿಕೊಳ್ಳುತ್ತಾನೆ. ಒಳಗೆ ಕತ್ತಲೆ, ಅಂಗಳ ಪೂರ್ತಿ ಬೆಳಕು ಎಂದಾದರೆ ನಾವು ನೋಡಬಹುದು, ನಮ್ಮನ್ನು ನೋಡಲಾಗದು. ಅದೇ ಸ್ವಿಚ್ಚಿನ ಪಕ್ಕ ಒಂದು ಸೈರನ್ನಿನ ಗುಂಡಿಯಿದ್ದರೆ ಇನ್ನೂ ಒಳ್ಳೆಯದು. ಎರಡನ್ನೂ ಇನ್ವರ್ಟರಿಗೆ ಸೇರಿಸಲು ಎಲೆಕ್ಟ್ರಿಷಿಯನ್ನನಿಗೆ ನೆನಪಿಸಿ, ನಮ್ಮೂರಿನ ಕರೆಂಟನ್ನು ನಂಬಿ ಸೈರನ್ ಇಡುವುದು ತಮಾಷೆಯ ಮಾತು. ಕ್ಯಾಮೆರಾ ಹಾಕಿಸುವವರು ಹಾಕಿಸಲಿ, ಬೆಂಗಳೂರಿನ ಮಗನಿಗೆ ಸಮಾಧಾನವಾಗುತ್ತದೆ. ಅದು ಬಂದವರು ಯಾರೆಂದು ಮರುದಿನ ಹೇಳುತ್ತದೆ, ಬಾರದಂತೆ ತಡೆಯುವುದು ಕಡಿಮೆ.

ನಾಯಿಯ ವಿಷಯ. ಅಂಗಳದಲ್ಲಿ ಬಿಟ್ಟ ನಾಯಿಗೆ ಎಸೆದದ್ದನ್ನೆಲ್ಲ ತಿನ್ನುವ ಚಾಳಿಯಿದ್ದರೆ ಅದು ಮೊದಲ ಬಲಿ. ಒಂದು ಹೊರಗಿದ್ದರೆ ಒಂದು ಒಳಗೂ ಇರಲಿ. ಒಳಗಿನದು ಸಣ್ಣದಾದರೂ ಸರಿ, ಬೊಗಳಿದರೆ ಸಾಕು. ಇನ್ನು ಆಷಾಢದ ಮಳೆಯಲ್ಲಿ ಹೆಂಚಿನ ಮೇಲಿನ ಸದ್ದಿಗೆ ನಾಯಿ ಬೊಗಳುವುದಿರಲಿ, ಪಕ್ಕದಲ್ಲಿ ಕೂತವರ ಮಾತೇ ಕೇಳಿಸುವುದಿಲ್ಲ. ಕೊಯ್ಲಿನ ತಿಂಗಳಲ್ಲಿ ಎಚ್ಚರವಾಗಿದ್ದು ಮಳೆಗಾಲದಲ್ಲಿ ಮೈಮರೆಯುವ ಪದ್ಧತಿ ನಮ್ಮದು.

ಯಾರನ್ನು ಕೂಗುವುದು

ತುರ್ತು ಕರೆಗೆ 112. ಪೊಲೀಸು, ಅಗ್ನಿಶಾಮಕ, ಆಂಬ್ಯುಲೆನ್ಸು ಎಲ್ಲಕ್ಕೂ ಅದೊಂದೇ ಸಂಖ್ಯೆ. ನಮ್ಮ ಸಿಮ್ಮಿನ ಕಂಪೆನಿಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪೆನಿಯ ಟವರ್ ಸಿಕ್ಕಿದರೆ ತುರ್ತು ಕರೆ ಅದರ ಮೂಲಕ ಹೋಗಬಹುದು, ಆದ್ದರಿಂದ ಮೊಬೈಲಿನಲ್ಲಿ ಗೆರೆ ಕಾಣುತ್ತಿಲ್ಲವೆಂದು ಸುಮ್ಮನಾಗಬಾರದು. ಆದರೆ ಮಲೆನಾಡಿನಲ್ಲಿ ಕರೆಂಟು ಹೋಗಿ ಕೆಲವು ತಾಸು ಕಳೆದರೆ ಟವರೂ ಮಲಗುವುದುಂಟು. ಮನೆಗೆ ಫೈಬರ್ ಇಂಟರ್‌ನೆಟ್ ಬಂದಿದ್ದರೆ ಅದರ ಪೆಟ್ಟಿಗೆಯನ್ನು ಇನ್ವರ್ಟರಿಗೆ ಸೇರಿಸಿ, ಫೋನಿನಲ್ಲಿ ವೈಫೈ ಮೂಲಕ ಕರೆ ಮಾಡುವ ಸೌಲಭ್ಯವನ್ನು ಮಕ್ಕಳ ಕೈಯಲ್ಲಿ ಸರಿಮಾಡಿಸಿಕೊಳ್ಳಿ.

ಫೋನೆತ್ತಿದವರಿಗೆ ದಾರಿ ಹೇಳುವುದು ಇನ್ನೊಂದು ಪಾಡು. ನಮ್ಮ ಮನೆಗಳಿಗೆ ನಂಬರಿಲ್ಲ, ಇರುವುದು ಹೆಸರು. ‘ಮೇಲಿನಕೊಡಿಗೆ’ ಎಂದರೆ ಊರವರಿಗೆ ಗೊತ್ತು, ಜಿಲ್ಲಾ ಕೇಂದ್ರದಿಂದ ಬಂದ ವಾಹನಕ್ಕೆ ಗೊತ್ತಿಲ್ಲ. ಠಾಣೆಯ ಹೆಸರು, ಡಾಂಬರು ರಸ್ತೆಯಿಂದ ಎಲ್ಲಿ ತಿರುಗಬೇಕು, ಎಷ್ಟು ದೂರ, ಗೇಟಿನ ಗುರುತೇನು, ಇಷ್ಟನ್ನು ಎರಡು ವಾಕ್ಯದಲ್ಲಿ ದಪ್ಪಕ್ಷರದಲ್ಲಿ ಬರೆದು ಒಳಕೋಣೆಯ ಗೋಡೆಗೆ ಅಂಟಿಸಿ. ನಡುಗುವ ಬಾಯಿಗೆ ಓದುವುದು ಸುಲಭ, ಯೋಚಿಸಿ ಹೇಳುವುದು ಕಷ್ಟ. ಇನ್ನೊಂದು ಮಾತು: ಉಣಗೋಲು ಹೋಗಿ ಎಲ್ಲರ ಮನೆಗೂ ಕಬ್ಬಿಣದ ಗೇಟು ಬಂದಿದೆ, ರಾತ್ರಿ ಅದಕ್ಕೆ ಬೀಗ. ನೆರವಿಗೆ ಬಂದವರು ಒಳಗೆ ಬರುವುದು ಹೇಗೆ? ಅದರ ಒಂದು ಕೀಲಿ ನಂಬಿಕೆಯ ನೆರೆಮನೆಯಲ್ಲಿರಲಿ.

ಪೊಲೀಸರು ಎಷ್ಟೇ ಬೇಗ ಹೊರಟರೂ ಘಟ್ಟದ ರಸ್ತೆಯಲ್ಲಿ ಹೊತ್ತು ಹಿಡಿಯುತ್ತದೆ. ಮೊದಲು ಬರುವವರು ನೆರೆಯವರೇ. ನಮ್ಮ ಹಿರಿಯರು ಗುಡ್ಡದಿಂದ ಗುಡ್ಡಕ್ಕೆ ‘ಕೂ’ ಹಾಕುತ್ತಿದ್ದರು. ಈಗ ಗಂಟಲಿಗೆ ಅಷ್ಟು ಶಕ್ತಿಯಿಲ್ಲದಿದ್ದರೆ ಶಂಖ, ಜಾಗಟೆ, ಆನೆ-ಮಂಗ ಓಡಿಸಲು ಇಟ್ಟ ಗರ್ನಾಲು ಯಾವುದಾದರೂ ಆದೀತು. ಗರ್ನಾಲಿನ ಸದ್ದು ದಿನಾ ಕೇಳುವ ಊರಿನಲ್ಲಿ ಮಾತ್ರ ಅದನ್ನು ನಂಬಬಾರದು, ಪಾಪ ಮಂಗನಿರಬೇಕೆಂದು ನೆರೆಯವರು ಮಗ್ಗುಲಾಗುತ್ತಾರೆ. ಕೇಳಿದವರು ಬರಬೇಕಾದದ್ದು ರಸ್ತೆಯಲ್ಲಿ, ಟಾರ್ಚು ಹೊತ್ತಿಸಿಕೊಂಡು, ಹೆಸರು ಕೂಗುತ್ತ. ಕತ್ತಲಲ್ಲಿ ತೋಟದ ಒಳದಾರಿಯಿಂದ ಕೋವಿ ಹಿಡಿದು ಇಬ್ಬರು ಎದುರುಬದುರಾದರೆ ಕಳ್ಳನಿಗಿಂತ ದೊಡ್ಡ ಅನಾಹುತವಾಗುತ್ತದೆ.

ಕೋವಿ

ಈ ವಿಚಾರವನ್ನು ಬಿಟ್ಟು ಮುಂದೆ ಹೋದರೆ ಸದಸ್ಯರು ಒಪ್ಪಲಾರರು. ಬೆಳೆ ರಕ್ಷಣೆಗೆಂದು ಲೈಸೆನ್ಸು ಪಡೆದ ಕೋವಿ ನಮ್ಮಲ್ಲಿ ಅನೇಕರ ಮನೆಯಲ್ಲಿದೆ. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದಲೇ ವಿನಾಯಿತಿಯಿದ್ದು, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಚುನಾವಣೆ ಬಂದಾಗ ನಮ್ಮ ಕೋವಿಗಳು ಠಾಣೆಗೆ ಹೋಗಿ ಕೂರುವುದೂ ಎಲ್ಲರಿಗೂ ತಿಳಿದದ್ದೇ. ಆ ದಿನಗಳಲ್ಲಿ ಕೋವಿಯನ್ನೇ ನಂಬಿದ ಯೋಜನೆಯೂ ಠಾಣೆಯಲ್ಲೇ ಇರುತ್ತದೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಓದಿಕೊಂಡೇ ಇಲ್ಲಿ ಬರೆಯುತ್ತಿದ್ದೇವೆ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆತ್ಮರಕ್ಷಣೆಯ ಹಕ್ಕು ಅದರ 34ರಿಂದ 44ನೇ ಕಲಮಿನವರೆಗೆ ಇದೆ. ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಮನೆ ಮುರಿದು ನುಗ್ಗಿದವನ ವಿರುದ್ಧ, ಸುಲಿಗೆ ಮಾಡುವವನ ವಿರುದ್ಧ, ಈ ಹಕ್ಕು ಅವನ ಪ್ರಾಣಕ್ಕೆ ಅಪಾಯವಾಗುವ ಮಟ್ಟಿಗೂ ಹೋಗಬಹುದೆಂದು 41ನೇ ಕಲಮು ಹೇಳುತ್ತದೆ. ಇದನ್ನು ಇಷ್ಟಕ್ಕೇ ಓದಿ ಪುಸ್ತಕ ಮುಚ್ಚುವವರೇ ಹೆಚ್ಚು. ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಸರ್ಕಾರದ ರಕ್ಷಣೆ ಪಡೆಯಲು ಸಮಯವಿದ್ದಾಗ ಈ ಹಕ್ಕೇ ಇಲ್ಲ, ಎಂದು 37ನೇ ಕಲಮು ಕಟ್ಟುಹಾಕಿದೆ. ಬರಿಯ ಕಳವಾದರೆ, ಅಂದರೆ ತೆರೆದ ಕಣದಿಂದ ಮೂಟೆ ಎತ್ತಿಕೊಂಡು ಹೋಗುವವನಾದರೆ, ನಮಗೆ ಸಾವೋ ತೀವ್ರ ಗಾಯವೋ ಆದೀತೆಂಬ ಭಯ ಕಾಣದ ಹೊರತು ಅವನ ಪ್ರಾಣ ತೆಗೆಯುವ ಹಕ್ಕು ನಮಗಿಲ್ಲ. ಕಣ ಮನೆಯಲ್ಲ. ಓಡಿಹೋಗುತ್ತಿರುವವನ ಬೆನ್ನಿಗೆ ಹೊಡೆದು ರಕ್ಷಣೆಗಾಗಿ ಹೊಡೆದೆ ಎಂದು ನ್ಯಾಯಾಲಯವನ್ನು ಒಪ್ಪಿಸುವುದು ಬಹಳ ಕಷ್ಟ. ಬೇಲಿಗೆ, ಕಣಕ್ಕೆ ಮನೆಯ ಕರೆಂಟನ್ನೇ ನೇರವಾಗಿ ಹರಿಸುವವರಂತೂ ಶುದ್ಧ ಅಪರಾಧ ಮಾಡುತ್ತಿದ್ದಾರೆ. ಅಂಥ ತಂತಿಗೆ ಕಳ್ಳನೂ ಒಂದೇ, ನಸುಕಿನಲ್ಲಿ ಹಾಲು ತರುವ ಹುಡುಗನೂ ಒಂದೇ.

ಇದನ್ನೆಲ್ಲ ಮನೆಯಲ್ಲಿ ಓದಿ ಹೇಳಿದಾಗ ನಮ್ಮಾಕೆ ಕಲಮುಗಳ ಗೊಡವೆಗೆ ಹೋಗಲಿಲ್ಲ. ‘ಹೋದ ಮಳೆಗಾಲದಲ್ಲಿ ರಾತ್ರಿ ಎರಡು ಗಂಟೆಗೆ ಬಾಗಿಲು ಬಡಿದವರು ಯಾರು, ನೆನಪುಂಟಾ?’ ಎಂದರು. ಲೈನಿನಲ್ಲಿದ್ದ ಅಸ್ಸಾಮಿನ ಹುಡುಗ. ಹೆಂಡತಿಗೆ ಹೆರಿಗೆ ನೋವು, ಕನ್ನಡ ಬಾರದು, ಮಳೆಯಲ್ಲಿ ನೆಂದು ಬಾಗಿಲು ಗುದ್ದುತ್ತಿದ್ದ. ಜೀಪು ತೆಗೆದು ತಾಲ್ಲೂಕು ಆಸ್ಪತ್ರೆಗೆ ಮುಟ್ಟಿಸಿದೆವು, ಹೆಣ್ಣುಮಗು. ನಮ್ಮ ಮನೆಗಳ ಬಾಗಿಲನ್ನು ರಾತ್ರಿ ತಟ್ಟುವವರಲ್ಲಿ ಕಳ್ಳರಿಗಿಂತ ಹಾವು ಕಚ್ಚಿದವರು, ಹೆರಿಗೆಯವರು, ಜ್ವರದ ಮಗುವನ್ನು ಹೊತ್ತವರು ಹೆಚ್ಚು. ಜೀಪಿರುವ ಮನೆ ನಮ್ಮದೊಂದೇ ಎಂದು ಬರುತ್ತಾರೆ.

ಹೀಗಿರಲಾಗಿ ಯಾರು ಬಂದರೂ ತೆರೆಯುವುದೇ ಇಲ್ಲವೆಂಬ ಯೋಜನೆ ಮಲೆನಾಡಿನಲ್ಲಿ ನಡೆಯದು. ನಾವು ನಿಶ್ಚಯಿಸಿಕೊಂಡದ್ದು ಇಷ್ಟು: ಅಂಗಳದ ದೀಪ ಹಾಕುವುದು, ಬಾಗಿಲು ತೆರೆಯದೆ ಪಕ್ಕದ ಸರಳು ಕಿಟಕಿಯಿಂದ ಮಾತಾಡುವುದು, ಎಷ್ಟು ಜನರಿದ್ದಾರೆ ನೋಡುವುದು, ಲೈನಿನ ಮೇಸ್ತ್ರಿಗೆ ಒಂದು ಫೋನು ಹಾಕಿ ನಿಜವೇ ಎಂದು ಕೇಳುವುದು. ಇಷ್ಟಕ್ಕೆ ಎರಡು ನಿಮಿಷ ಸಾಕು. ಹೊರಗಿನಿಂದ ಬಂದ ಕೆಲಸಗಾರರ ಗುರುತಿನ ಚೀಟಿಯ ಪ್ರತಿ, ಫೋಟೋ, ಊರಿನ ವಿಳಾಸ ಇಟ್ಟುಕೊಳ್ಳಿ, ಠಾಣೆಗೂ ಒಂದು ಪ್ರತಿ ಕೊಡಿ. ಅದು ಅವರ ಕ್ಷೇಮಕ್ಕೂ ಬೇಕು. ಆದರೆ ಊರಲ್ಲಿ ಒಂದು ಚೊಂಬು ಕಾಣೆಯಾದರೂ ಲೈನಿನ ಕಡೆ ಬೆರಳು ತೋರಿಸುವ ಚಾಳಿ ನಮಗೆ ಸರಿ ಕಾಣುವುದಿಲ್ಲ. ಮನೆಯ ಒಳಹೊರಗು, ಕೀಲಿ ಇಡುವ ಜಾಗ ಬಲ್ಲವರು ಹೊಸಬರಿಗಿಂತ ಹಳಬರೇ.

ಕೊಟ್ಟುಬಿಡುವುದು

ಒಳಗೆ ನುಗ್ಗಿದವನು ಎದುರಿಗೇ ನಿಂತರೆ? ಈ ಮಾತು ಗಂಡ-ಹೆಂಡತಿ ಮೊದಲೇ ಆಡಿ ಮುಗಿಸಿರಲೇಬೇಕು. ಕೇಳಿದ್ದನ್ನು ಕೊಡುವುದು. ಕತ್ತಿನ ಸರ ಕೊಡುವುದು, ಕಪಾಟಿನ ಕೀಲಿ ಕೊಡುವುದು. ಅವನ ಮುಖವನ್ನೇ ದಿಟ್ಟಿಸಬಾರದು, ಹೋಗುವ ದಾರಿಗೆ ಅಡ್ಡ ನಿಲ್ಲಬಾರದು. ಒಬ್ಬರು ಕೊಡಲು ಒಪ್ಪಿ ಇನ್ನೊಬ್ಬರು ಪೌರುಷಕ್ಕಿಳಿದರೆ ಏಟು ಬೀಳುವುದು ಆಗಲೇ. ನಮ್ಮ ಮನೆಯಲ್ಲಿ ಇದಕ್ಕೆ ಒಪ್ಪಿಗೆ ಸಿಗುವುದು ತಡವಾಯಿತು. ಮಾಂಗಲ್ಯ ಬಿಚ್ಚಿಕೊಡಲು ಮನೆಯಾಕೆಗೆ ಮನಸ್ಸಿಲ್ಲ. ‘ಸರ ಬೇರೆ ಮಾಡಿಸೋಣ, ನನ್ನನ್ನು ಎಲ್ಲಿ ಮಾಡಿಸ್ತೀಯ ಮಾರಾಯ್ತಿ?’ ಎಂದ ಮೇಲೆ ನಕ್ಕು ಸುಮ್ಮನಾದರು. ಒಪ್ಪಿದರೆಂದೇ ತಿಳಿದಿದ್ದೇವೆ.

ಕೊಡಬೇಕಾದದ್ದು ಮನೆಯಲ್ಲಿ ಕಡಿಮೆಯಿದ್ದಷ್ಟೂ ಕೊಡುವುದು ಸುಲಭ. ಮದುವೆ-ಮುಂಜಿಗೆ ಬಿಟ್ಟರೆ ಹಾಕದ ಒಡವೆ ಬ್ಯಾಂಕಿನ ಲಾಕರಿನಲ್ಲಿರಲಿ. ರಿಸರ್ವ್ ಬ್ಯಾಂಕಿನ ನಿಯಮದಂತೆ 2022ರ ಜನವರಿಯಿಂದ ಲಾಕರಿನಲ್ಲಿ ಕಳವು, ದರೋಡೆ, ಬೆಂಕಿಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ ಇದೆ. ಬಾಡಿಗೆ 2,000 ಆದರೆ ಎರಡು ಲಕ್ಷ, ಒಡವೆಯ ಪೂರ್ತಿ ಬೆಲೆಯಲ್ಲ. ಬಟವಾಡೆಯ ಹಣವನ್ನು ಪ್ರತಿವಾರ ಸಂತೆಯ ಹಿಂದಿನ ದಿನ ಅದೇ ಬ್ಯಾಂಕಿನಿಂದ ಅದೇ ಚೀಲದಲ್ಲಿ ತರುವುದು ಬೇಡ. ಖಾತೆಯಿರುವ ಆಳುಗಳಿಗೆ ಖಾತೆಗೇ ಹಾಕಿ, ಉಳಿದದ್ದಕ್ಕೆ ದಿನ ಬದಲಿಸಿ. ಒಣಗಿದ ಫಸಲನ್ನು ಸಂಘದ ಗೋದಾಮಿಗೆ ಬೇಗ ತಲುಪಿಸಿ. ಇನ್ನು ಎಷ್ಟು ಮೂಟೆ ಆಯಿತು, ಯಾವ ದರಕ್ಕೆ ಕೊಟ್ಟೆ ಎಂಬುದನ್ನು ಕ್ಯಾಂಟೀನಿನಲ್ಲಿ ಗಟ್ಟಿಯಾಗಿ ಹೇಳುವ ಸುಖವನ್ನು ನಮ್ಮವರು ಬಿಡಬೇಕಾಗಿದೆ. ಕಷ್ಟವೇ, ಬಲ್ಲೆವು.

ಘಟನೆ ನಡೆದೇಹೋದರೆ ಮನೆಯನ್ನು ಗುಡಿಸಿ ಒರೆಸಲು ಹೋಗಬೇಡಿ, ಬೆರಳಚ್ಚಿನವರು ಬರುವತನಕ ಕಪಾಟು ಮುಟ್ಟಬೇಡಿ. ‘ನಮ್ಮ ಸರಹದ್ದಲ್ಲ’ ಎಂದು ಯಾವ ಠಾಣೆಯೂ ದೂರನ್ನು ತಿರಸ್ಕರಿಸುವಂತಿಲ್ಲ, ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ಅಪರಾಧ ಎಲ್ಲಿ ನಡೆದಿದ್ದರೂ ಬರೆದುಕೊಳ್ಳಬೇಕು. ಎಫ್.ಐ.ಆರ್. ಪ್ರತಿ ಪುಕ್ಕಟೆ ಸಿಗಬೇಕು, ವಿಮೆ ಮಾಡಿಸಿದವರಿಗೆ ಅದಿಲ್ಲದೆ ಮುಂದಿನ ಹೆಜ್ಜೆಯಿಲ್ಲ. ಒಡವೆಗಳ ಫೋಟೋ, ಖರೀದಿಯ ರಸೀದಿ ಈಗಲೇ ಮಕ್ಕಳ ಫೋನಿಗೆ ಕಳಿಸಿಟ್ಟರೆ ಆಗ ನೆನಪಿನಿಂದ ಹೇಳುವ ಕಷ್ಟ ತಪ್ಪುತ್ತದೆ. ಆಮೇಲೆ ಒಂದೆರಡು ತಿಂಗಳು ಮನೆಯವರನ್ನು ಒಂಟಿಯಾಗಿ ಬಿಟ್ಟು ರಾತ್ರಿ ಎಲ್ಲೂ ಹೋಗಬಾರದು. ಹೋದ ಸಾಮಾನನ್ನು ಬೇಗ ಮರೆಯುತ್ತಾರೆ, ಆ ಸದ್ದನ್ನು ಮರೆಯುವುದಿಲ್ಲ.

ಸಂಘದಲ್ಲಿ ಗ್ರಾಮವಾರು ಒಂದು ಪುಸ್ತಕ ತೆರೆದಿದ್ದೇವೆ. ಪ್ರತಿ ಸದಸ್ಯರ ಮನೆ, ಅದಕ್ಕೆ ಹತ್ತಿರದ ಎರಡು ಮನೆ, ಗೇಟಿನ ಕೀಲಿ ಯಾರ ಬಳಿಯಿದೆ, ಮನೆಯಲ್ಲಿ ಎದ್ದು ನಡೆಯಲಾಗದವರು ಇದ್ದಾರೆಯೇ ಎಂಬ ವಿವರ ಅದರಲ್ಲಿ ಬರೆಸಬೇಕು. ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇವೆ, ಗ್ರಾಮದವರಿಗೆ ಆಯಾ ಗ್ರಾಮದ ಪುಟ ಮಾತ್ರ ಕೊಡುತ್ತೇವೆ. ಈಗ ನಮ್ಮ ಸದಸ್ಯರ ಪಟ್ಟಿಯಲ್ಲಿರುವುದು ಬಹುಪಾಲು ಯಜಮಾನರ ಫೋನ್ ನಂಬರುಗಳು. ಗೊಬ್ಬರದ ಚೀಟಿಗೋ ಫಸಲಿನ ಹಣಕ್ಕೋ ಕಛೇರಿಗೆ ಬರುವಾಗ ಮನೆಯವರ ನಂಬರನ್ನೂ ಬರೆದು ತನ್ನಿ. ಸಾಧ್ಯವಾದರೆ ಅವರನ್ನೇ ಜೊತೆಗೆ ಕರೆತನ್ನಿ, ಆ ಪುಟವನ್ನು ಅವರೇ ತುಂಬಲಿ.